ಜಾಡಿಯಲ್ಲಿಟ್ಟ ಮಣ್ಣು

೨೦೧೫ ಫೆಬ್ರವರಿ ೬
ಗಾಂಗ್ವನ್

ಮಾನ್ಯ ಜ್ವಾ ಮನ್‌ಸಿಕ್ ಅವರಿಗೆ,

ನೀವು ಕಳುಹಿಸಿದ ಮೊದಲ ಡಬ್ಬ, ಜನವರಿಯದು, ನಿನ್ನೆ ತಲುಪಿತು. ಮಂಜುಗಡ್ಡೆಯ ಚೀಲ ಇನ್ನೂ ಗಟ್ಟಿಯಾಗಿತ್ತು. ಐದು ಮರಗಳ ಬುಡದ ಮಣ್ಣು, ಐದು ಚೀಲ, ಪ್ರತಿಯೊಂದರ ಮೇಲೂ ಮರದ ಸಂಖ್ಯೆ ಮತ್ತು ತಾರೀಖು. ಇಷ್ಟು ಅಚ್ಚುಕಟ್ಟಾಗಿ ಮಣ್ಣು ಕಟ್ಟಿಕೊಡುವವರು ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ನಿಮಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲವೆಂದು ಅರಣ್ಯ ಕಚೇರಿಯವರು ತಿಳಿಸಿದರು. ಖಾಲಿ ಡಬ್ಬ ಹಿಂದಿರುಗಿಸುವಾಗ ಅದರಲ್ಲೇ ಕಾಗದ ಇಡುತ್ತೇನೆ. ನೀವೂ ಹಾಗೆಯೇ ಮಾಡಬಹುದು.

ಕೆಲಸವನ್ನು ಒಮ್ಮೆ ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಹಲ್ಲಾ ಬೆಟ್ಟದ ಗುಸಾಂಗ್ ಮರಗಳು ನಿಂತಲ್ಲೇ ಬಿಳಿಚಿಕೊಂಡು ಸಾಯುತ್ತಿರುವುದನ್ನು ನೀವು ನನಗಿಂತ ಮೊದಲೇ ಕಂಡವರು. ಆ ಮರದ ಬೇರಿನ ತುದಿಗೆ ಕೆಲವು ಶಿಲೀಂಧ್ರಗಳು ಅಂಟಿಕೊಂಡು ಬದುಕುತ್ತವೆ. ಮರಕ್ಕೆ ನೀರು ಎಳೆದುಕೊಡುವುದು ಬಹುಪಾಲು ಅವೇ. ಚಳಿಗಾಲದಲ್ಲಿ ಮಲಗಿದ್ದು ವಸಂತದಲ್ಲಿ ಏಳಬೇಕು. ಎದ್ದರೆ ಆ ನೆಲದಲ್ಲಿ ಮರ ಉಳಿಯುತ್ತದೆ. ಅದನ್ನು ನೋಡಲು ನನಗೆ ಆಗಸ್ಟ್‌ವರೆಗೆ ಪ್ರತಿ ತಿಂಗಳ ಹತ್ತನೆಯ ತಾರೀಖಿನ ಸುಮಾರಿಗೆ, ಅದೇ ಐದು ಮರಗಳಿಂದ, ಒಂದು ಗೇಣು ಆಳದ ಮಣ್ಣು ಬೇಕು.

ಸೆಪ್ಟೆಂಬರಿನಲ್ಲಿ ಅರಣ್ಯ ಸಮಿತಿ ತೀರ್ಮಾನಿಸುತ್ತದೆ. ಬೆಟ್ಟದ ಬೆನ್ನಿನ ನಿಮ್ಮ ಕಾಗೆ ಏಣು ಮತ್ತು ಪೂರ್ವದ ಬಟ್ಟಲು ಕಣಿವೆ, ಈ ಎರಡರಲ್ಲಿ ಒಂದು ತೋಪಿಗೆ ಮಾತ್ರ ಮೂರು ಸಾವಿರ ಸಸಿ, ಬೇಲಿ, ಕಾವಲು. ಇನ್ನೊಂದನ್ನು ಅದರ ಪಾಡಿಗೆ ಬಿಡುತ್ತಾರೆ. ಬಿಡುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕಳೆದ ಶರತ್ಕಾಲದಲ್ಲಿ ನೀವು ಆರಿಸಿಕೊಟ್ಟ ಬೀಜಗಳನ್ನು ನಿಮ್ಮದೇ ಮಣ್ಣಿನಲ್ಲಿ ಬಿತ್ತುತ್ತಿದ್ದೇನೆ.

ವಂದನೆಗಳೊಂದಿಗೆ,
ಮಿನ್ ಹೇವನ್

*

೨೦೧೫ ಮಾರ್ಚ್ ೧೧
ಜೆಜು

ಡಾಕ್ಟರ್ ಮಿನ್ ಅವರಿಗೆ,

ಮಾರ್ಚ್ ತಿಂಗಳ ಐದು ಚೀಲ ಇದರ ಜೊತೆಗಿವೆ. ಫೆಬ್ರವರಿಯವು ತಲುಪಿದವೆಂದು ಅಂಚೆಯವನು ಹೇಳಿದ.

ಕಾಗದದಲ್ಲಿ ನನ್ನನ್ನು ‘ಮಾನ್ಯ’ ಎಂದು ಕರೆದಿದ್ದೀರಿ. ನನ್ನ ಹೆಂಡತಿ ಇನ್‌ಹ್ವಾಗೆ ಓದಿ ಹೇಳಿದೆ. ಅವಳಿಗೆ ನಾಲ್ಕು ವರ್ಷದಿಂದ ಬಲಗಡೆಯ ಕೈಕಾಲು ಆಡುವುದಿಲ್ಲ, ಮಾತೂ ಕಡಿಮೆ. ಆದರೆ ಅಣಕಿಸಲು ಬೇಕಾದಷ್ಟು ಮಾತು ಉಳಿದಿದೆ. ಸಂಜೆ ಗಂಜಿ ಕೊಡುವಾಗ “ಮಾನ್ಯರೇ, ಉಪ್ಪು ಕಮ್ಮಿ” ಅಂದಳು. ನಮ್ಮ ದ್ವೀಪದಲ್ಲಿ ವಯಸ್ಸಾದವರನ್ನು, ಗಂಡಾಗಲಿ ಹೆಣ್ಣಾಗಲಿ, ‘ಸಂಚುನ್’ ಎಂದರೆ ಸಾಕು. ನೀವೂ ಹಾಗೆಯೇ ಬರೆಯಿರಿ.

ನಾನು ಮೂವತ್ತು ವರ್ಷ ಆ ಬೆಟ್ಟದಲ್ಲಿ ಮರದ ತುಂಡುಗಳಲ್ಲಿ ಪ್ಯೊಗೊ ಅಣಬೆ ಬೆಳೆದವನು. ಬೂಷ್ಟು ಮಲಗುವುದು ಏಳುವುದು ಸ್ವಲ್ಪ ತಿಳಿದಿದೆ. ನಮ್ಮ ಅಣಬೆಮನೆಗೆ ಗಳ ಬೇಕೆಂದು ಕಾಗೆ ಏಣಿನಿಂದ ಹತ್ತೊಂಬತ್ತು ಗುಸಾಂಗ್ ಮರ ಕಡಿದಿದ್ದೆ. ಆಗ ಯಾರೂ ತಡೆಯುತ್ತಿರಲಿಲ್ಲ. ಈಗ ಅಲ್ಲಿ ಜೀವವಿರುವವು ಇನ್ನೂರ ಹನ್ನೆರಡು. ಹೋದಾಗಲೆಲ್ಲ ಎಣಿಸುತ್ತೇನೆ.

ಬೀಜ ಮೊಳೆತವೇ?

ಜ್ವಾ ಮನ್‌ಸಿಕ್

*

೨೦೧೫ ಮಾರ್ಚ್ ೩೦
ಗಾಂಗ್ವನ್

ಸಂಚುನ್,

ನಾನಿನ್ನೂ ಡಾಕ್ಟರ್ ಆಗಿಲ್ಲ, ಆ ಸಂಬೋಧನೆಯನ್ನು ನೀವೂ ಬಿಡಬೇಕು.

ನಲವತ್ತು ಸಸಿ ಎದ್ದಿವೆ. ಮೊಳಕೆಯ ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯ ಹಾಗೆ ಕೂತಿರುತ್ತದೆ. ನನ್ನ ಪ್ರಯೋಗಶಾಲೆ ನೆಲಮಾಳಿಗೆಯಲ್ಲಿದೆ, ಕಿಟಕಿ ಇಲ್ಲ. ದಿನಕ್ಕೆ ಎರಡು ಬಾರಿ ಮೇಲಿನ ಗಾಜಿನಮನೆಗೆ ಹತ್ತಿ ಅವುಗಳಿಗೆ ನೀರು ಹಾಕುವುದೇ ನನಗೆ ಹೊರಗೆ ಹೋಗುವುದೆಂದು ಲೆಕ್ಕ. ಬೇರೆ ಯಾರೂ ಇಲ್ಲದ್ದರಿಂದ ಭಾನುವಾರವೂ ಬಿಟ್ಟಿರಲಾಗದು. ಒಮ್ಮೆ ಅಲ್ಲಿಗೆ ಬರಬೇಕೆಂದು ಕೇಳಿದ್ದಕ್ಕೆ ಮುಖ್ಯಸ್ಥರು, “ಮಣ್ಣು ತಾನಾಗಿ ಬರ್ತಿದೆಯಲ್ಲಮ್ಮ, ನೀನ್ಯಾಕೆ ಹೋಗ್ಬೇಕು?” ಎಂದರು.

ಒಂದು ವಿಷಯ. ಮಾರ್ಚಿನ ಮಣ್ಣು ಜನವರಿಯದರಷ್ಟೇ ಮಲಗಿದೆ. ಬಟ್ಟಲು ಕಣಿವೆಯಲ್ಲಿ ಆಗಲೇ ಎಚ್ಚರ ಕಾಣುತ್ತಿದೆ. ನಿಮ್ಮ ಕಡೆ ಹಿಮ ತಡವಾಗಿ ಕರಗಿರಬೇಕು. ಏಪ್ರಿಲ್ ಡಬ್ಬಕ್ಕೆ ಕಾಯುತ್ತಿದ್ದೇನೆ.

ಹೇವನ್

*

೨೦೧೫ ಏಪ್ರಿಲ್ ೧೩
ಜೆಜು

ಹೇವನ್,

ಇದನ್ನು ಡಬ್ಬಕ್ಕೆ ಹಾಕುವ ಧೈರ್ಯ ನನಗೆ ಬರುತ್ತದೆಂದು ಅನ್ನಿಸುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ನಿಮಗೆ ಬಂದಿರುವ ಮಣ್ಣೆಲ್ಲ ಒಂದೇ ದಿನದ್ದು. ಜನವರಿ ಇಪ್ಪತ್ತೆಂಟರಂದು ಹಿಮ ಸರಿಸಿ, ಐದು ಮರಗಳ ಬುಡದಲ್ಲೂ ಎಂಟು ತಿಂಗಳಿಗೆ ಸಾಕಾಗುವಷ್ಟು ಅಗೆದು ತಂದೆ. ತಿಂಗಳ ಹೆಸರುಗಳನ್ನೂ ಅದೇ ಸಂಜೆ ಬರೆದಿಟ್ಟೆ. ಉಗ್ರಾಣದಲ್ಲಿ, ಕಿತ್ತಳೆ ಇಡುವ ತಂಪು ಮೂಲೆಯಲ್ಲಿ, ಐದು ಜಾಡಿಗಳಲ್ಲಿದೆ.

ಯಾಕೆಂದು ನಮ್ಮವರಿಗಾದರೆ ಹೇಳಬೇಕಿಲ್ಲ. ಜನವರಿ ಕೊನೆಯ ಆ ಒಂದು ವಾರ ಹಳೆಯ ವರ್ಷದ ದೇವರುಗಳು ಮೇಲೆ ಹೋಗಿರುತ್ತಾರೆ, ಹೊಸಬರು ಇನ್ನೂ ಇಳಿದಿರುವುದಿಲ್ಲ. ಮನೆ ಬದಲಿಸುವುದು, ಗೋಡೆ ಒಡೆಯುವುದು, ನೆಲ ಅಗೆಯುವುದು, ಎಲ್ಲ ಆಗಲೇ. ಬೇರೆ ದಿನ ಸುಮ್ಮನಿದ್ದ ನೆಲವನ್ನು ಕೆಣಕಿದರೆ ಅದರ ಪೆಟ್ಟು ಮನೆಯವರ ಮೇಲೆ ಬೀಳುತ್ತದೆ. ಉತ್ತ ಹೊಲಕ್ಕೆ ಈ ಮಾತಿಲ್ಲ. ಕಾಡಿನ ನೆಲಕ್ಕೆ, ಮನೆಯ ಸುತ್ತಿನ ನೆಲಕ್ಕೆ ಇದೆ.

ನಾಲ್ಕು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಕೊಟ್ಟಿಗೆಯ ಹಿಂದೆ ಚರಂಡಿ ತೋಡಿದೆ. ನೀರು ಒಳಗೆ ನುಗ್ಗುತ್ತಿತ್ತು, ಕಾಯುವ ಹಾಗಿರಲಿಲ್ಲ. ಇನ್‌ಹ್ವಾ ಬೇಡ ಅಂದಿದ್ದಳು. ಮೂರನೆಯ ದಿನ ಸೋಯಾ ಜಾಡಿಗಳ ನಡುವೆ ಬಿದ್ದಳು. ಆಸ್ಪತ್ರೆಯವರು ರಕ್ತದೊತ್ತಡ ಅಂದರು. ಪೂಜೆಗೆ ಬಂದ, ಮೈಮೇಲೆ ದೇವರು ಬರುವ ಶಾಮನ್ ಹೆಂಗಸು ಮಣ್ಣಿನ ಪೆಟ್ಟು ಅಂದಳು. ಇನ್‌ಹ್ವಾ ಎರಡನೆಯದನ್ನು ನಂಬಿದಳು. ನಾನು ಎರಡನ್ನೂ ನಂಬಿದೆ. ಇನ್ನು ಆ ವಾರ ಬಿಟ್ಟು ನೆಲಕ್ಕೆ ಗುದ್ದಲಿ ಹಾಕುವುದಿಲ್ಲವೆಂದು ಅವಳ ಒಳ್ಳೆಯ ಕೈ ಹಿಡಿದು ಮಾತು ಕೊಟ್ಟಿದ್ದೇನೆ.

ಅಣಬೆ ಬೀಜವನ್ನು ತಂಪಿನಲ್ಲಿಟ್ಟರೆ ಶರತ್ಕಾಲದವರೆಗೂ ಕೆಡುವುದಿಲ್ಲ. ಬೇರಿನ ಬೂಷ್ಟೂ ಹಾಗೆಯೇ ಅಂದುಕೊಂಡೆ. ನಿಮಗೆ ಬೇಕಿರುವುದು ಆ ಬೂಷ್ಟು ತಿಂಗಳು ತಿಂಗಳಿಗೂ ಏನು ಮಾಡುತ್ತದೆ ಎಂಬುದು, ಬರೀ ಬೂಷ್ಟಲ್ಲ ಎಂದು ನಿಮ್ಮ ಮಾರ್ಚ್ ಕಾಗದ ಓದಿದ ಮೇಲೆ ತಿಳಿಯಿತು.

ಏಪ್ರಿಲ್ ಚೀಲಗಳು ಮೇಜಿನ ಮೇಲಿವೆ. ಅವನ್ನು ಕಳುಹಿಸಿದರೆ ನಿಮಗೆ ಮೋಸ. ಹೊಸದಾಗಿ ಅಗೆದರೆ ಅವಳಿಗೆ. ಏನೂ ಕಳುಹಿಸದಿದ್ದರೆ ಕಾಗೆ ಏಣು ಪಟ್ಟಿಯಿಂದಲೇ ಹೋಗುತ್ತದೆ.

*

೨೦೧೫ ಏಪ್ರಿಲ್ ೧೬
ಜೆಜು

ಹೇವನ್,

ಏಪ್ರಿಲ್ ತಿಂಗಳ ಐದು ಚೀಲ. ಹಿಮ ತಡವಾಗಿ ಕರಗಿದ್ದು ನಿಜ.

ಜರಿಗಿಡದ ಎಳೆ ಚಿಗುರು ಕೀಳುವ ಕಾಲ ಇದು. ಬೇಯಿಸಿ ಒಣಗಿಸಿ ಒಂದು ಕಟ್ಟು ಇಟ್ಟಿದ್ದೇನೆ. ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಎಳ್ಳೆಣ್ಣೆಯಲ್ಲಿ ಬಾಡಿಸಿ ತಿನ್ನಿ. ನೆಲಮಾಳಿಗೆಯವರಿಗೆ ಒಳ್ಳೆಯದು.

ಜ್ವಾ

*

೨೦೧೫ ಮೇ ೨೯
ಗಾಂಗ್ವನ್

ಸಂಚುನ್,

ಜರಿಚಿಗುರು ಇಡೀ ವಾರ ಬಂತು. ಇನ್‌ಹ್ವಾ ಸಂಚುನ್ ಅವರಿಗೂ ನನ್ನ ನೆನಪು ಹೇಳಿ. ನಿಮ್ಮ ಉಪ್ಪಿನ ಕೈ ಸುಧಾರಿಸಿದೆಯೇ ಎಂದು ಕೇಳಿದೆನೆನ್ನಿ.

ಮೇ ತಿಂಗಳ ಮಣ್ಣು ನೋಡಿದೆ. ಈ ತಿಂಗಳು ಇಲ್ಲಿ ಕಾರು, ಮೆಟ್ಟಿಲು, ಅನ್ನದ ಬಟ್ಟಲು, ಎಲ್ಲದರ ಮೇಲೂ ಪೈನ್ ಮರದ ಹಳದಿ ಪರಾಗ. ಬಟ್ಟಲು ಕಣಿವೆಯ ಮೇ ಮಣ್ಣಿನಲ್ಲೂ ತುಂಬ ಇತ್ತು. ನಿಮ್ಮದರಲ್ಲಿ ಒಂದು ಕಣವೂ ಕಾಣಲಿಲ್ಲ. ಏಣಿನ ಮೇಲೆ ಗಾಳಿ ಬೇರೆ ದಿಕ್ಕಿನದೇ?

ಕೇಳಬೇಕೆನ್ನಿಸಿತು, ಅಷ್ಟೆ.

ನನ್ನ ನಕ್ಷೆಯಲ್ಲಿ ಶಿಲೀಂಧ್ರಗಳ ಗೆರೆ ಮೇಲೇಳುತ್ತಿಲ್ಲ, ಇಳಿಯುತ್ತಿದೆ. ಮುಖ್ಯಸ್ಥರಿಗೆ ಇದರಿಂದ ಬೇಸರವಿಲ್ಲ. “ಎರಡು ತೋಪಿಗೂ ಇಷ್ಟು ವ್ಯತ್ಯಾಸ ಇದ್ರೆ ಸಮಿತಿಗೆ ಕೆಲಸ ಸುಲಭ” ಎಂದರು. ವರದಿ ಸೆಪ್ಟೆಂಬರ್ ಐದಕ್ಕೆ ಮುಗಿದರೆ ನನ್ನ ಮೂರು ವರ್ಷದ ಗುತ್ತಿಗೆ ಕೆಲಸ ಖಾಯಂ ಆಗುವ ಸಂಭವವಿದೆಯೆಂದೂ ಹೇಳಿದರು.

ಹೇವನ್

*

೨೦೧೫ ಜೂನ್ ೧೧
ಜೆಜು

ಹೇವನ್,

ಮೇ ತಿಂಗಳಲ್ಲಿ ಇಲ್ಲಿ ಮಳೆ ಚೆನ್ನಾಗಿ ಬಿತ್ತು. ಪರಾಗ ತೊಳೆದುಹೋಗಿರಬೇಕು.

ಜೂನ್ ಚೀಲಗಳು ಇವೆ. ಇನ್‌ಹ್ವಾಗೆ ನಿಮ್ಮ ಮಾತು ಹೇಳಿದೆ. “ಆ ಹುಡುಗಿಗೆ ಮದುವೆ ಆಗಿದ್ಯಾ ಕೇಳು” ಅಂದಳು. ಕೇಳುವುದಿಲ್ಲ ಅಂದೆ. ಕೇಳಿದ ಹಾಗಾಯಿತು.

ಏಣಿನ ಮರಗಳು ಇನ್ನೂರ ಹತ್ತು.

ಜ್ವಾ

*

೨೦೧೫ ಆಗಸ್ಟ್ ೨೦
ಗಾಂಗ್ವನ್

ಸಂಚುನ್,

ಇದನ್ನು ಬರೆಯಲು ಮೂರು ದಿನ ತಡ ಮಾಡಿದೆ.

ಆಗಸ್ಟ್ ಮಣ್ಣಿನ ಬೇರು ತುದಿಗಳಲ್ಲಿ ಜೀವವಿರುವುದು ನೂರಕ್ಕೆ ನಾಲ್ಕು. ಜನವರಿಯಲ್ಲಿ ಅರವತ್ತೊಂದು ಇತ್ತು. ಸಸಿಗಳ ಬುಡಕ್ಕೆ ಪ್ರತಿ ತಿಂಗಳೂ ನಿಮ್ಮ ಹೊಸ ಮಣ್ಣು ಸೇರಿಸುತ್ತಿದ್ದೆ. ನಲವತ್ತರಲ್ಲಿ ಇಪ್ಪತ್ತೊಂಬತ್ತು ಹಳದಿಯಾಗಿ ಸತ್ತಿವೆ. ಹನ್ನೊಂದು ಉಳಿದಿವೆ.

ಕಾಗೆ ಏಣಿನ ಮಣ್ಣು ತನ್ನಷ್ಟಕ್ಕೆ ಸಾಯುತ್ತಿದೆ ಎಂದು ವರದಿಯಲ್ಲಿ ಬರೆದಿದ್ದೇನೆ. ಸಸಿ ನೆಟ್ಟರೂ ನಿಲ್ಲುವುದಿಲ್ಲ. ಸೆಪ್ಟೆಂಬರ್ ಐದಕ್ಕೆ ವರದಿ ಸಮಿತಿಗೆ ಹೋಗುತ್ತದೆ, ಅಲ್ಲಿಂದ ಏಣಿಗೆ ಬೇಲಿಯೂ ಇಲ್ಲ, ಕಾವಲೂ ಇಲ್ಲ.

ಇದು ಯಾರ ತಪ್ಪೂ ಅಲ್ಲ. ನೀವು ಆ ವಯಸ್ಸಿನಲ್ಲಿ ತಿಂಗಳು ತಿಂಗಳೂ ಹತ್ತಿ ಅಗೆದು ಕಳುಹಿಸಿದ್ದನ್ನು ವರದಿಯ ಕೊನೆಯಲ್ಲಿ ನಿಮ್ಮ ಹೆಸರಿನೊಂದಿಗೆ ಸ್ಮರಿಸಿದ್ದೇನೆ.

ಹೇವನ್

*

೨೦೧೫ ಆಗಸ್ಟ್ ೨೫
ಜೆಜು

ಹೇವನ್,

ಇದನ್ನು ತುರ್ತು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಬರೆದು ಹಾಕದೆ ಉಳಿಸಿಕೊಂಡ ಕಾಗದವೂ ಜೊತೆಗಿದೆ. ಮೊದಲು ಅದನ್ನು ಓದಿ.

ಸಾಯುತ್ತಿರುವುದು ನನ್ನ ಜಾಡಿ, ಏಣಲ್ಲ. ನಿಮ್ಮ ಗೆರೆ ನಮ್ಮ ಉಗ್ರಾಣದ ಮೂಲೆಯನ್ನು ಅಳೆದಿದೆ. ಆ ಇಪ್ಪತ್ತೊಂಬತ್ತು ಸಸಿಗಳಿಗೆ ತಿಂಗಳು ತಿಂಗಳೂ ನಾನೇ ಸತ್ತ ಮಣ್ಣು ಹಾಕಿಸಿದೆ.

ಮೊನ್ನೆ ಏಣಿಗೆ ಹೋಗಿದ್ದೆ. ಗುದ್ದಲಿ ಒಯ್ದಿರಲಿಲ್ಲ. ಮೂರನೆಯ ಮರದ ಬುಡದಲ್ಲಿ ಕೂತು ಬಿದ್ದ ಎಲೆ ಸರಿಸಿ ಮೂಗಿಟ್ಟು ನೋಡಿದೆ. ಹಸಿ ಅಣಬೆಯ ವಾಸನೆ ಇತ್ತು. ನನ್ನ ಜಾಡಿಗಳಲ್ಲಿ ಆ ವಾಸನೆ ಮೇ ತಿಂಗಳಿಗೇ ಹೋಗಿತ್ತು. ಅದು ನನಗೆ ಗೊತ್ತಿತ್ತು, ಹೇವನ್. ಗೊತ್ತಿದ್ದೂ ಮಳೆ ಬಿತ್ತೆಂದು ಬರೆದೆ.

ವರದಿಯನ್ನು ತಡೆಯಿರಿ. ನನ್ನ ಹೆಸರನ್ನು ಯಾವ ಜಾಗದಲ್ಲಿ ಹಾಕಬೇಕೋ ಅಲ್ಲಿ ಹಾಕಿ.

ಜ್ವಾ ಮನ್‌ಸಿಕ್

*

೨೦೧೫ ಸೆಪ್ಟೆಂಬರ್ ೧೮
ಗಾಂಗ್ವನ್

ಸಂಚುನ್,

ನಿಮ್ಮ ಕಾಗದ ಆಗಸ್ಟ್ ಇಪ್ಪತ್ತೇಳಕ್ಕೆ ನನ್ನ ಕೈಗೆ ಬಂತು. ಇಪ್ಪತ್ತೆರಡು ದಿನ ಉತ್ತರ ಬರಲಿಲ್ಲವೆಂದು ನೀವು ನನ್ನ ಸಿಟ್ಟನ್ನು ಊಹಿಸಿರುತ್ತೀರಿ. ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಪರಾಗವಿಲ್ಲದ ಮೇ ಮಣ್ಣು ಇರುವುದಿಲ್ಲ. ಎಷ್ಟು ಮಳೆ ಬಿದ್ದರೂ ಹತ್ತು ಕಣವಾದರೂ ಉಳಿಯುತ್ತವೆ. ಅದು ಮೇ ತಿಂಗಳ ಮಣ್ಣಲ್ಲವೆಂದು ನನಗೆ ಆ ಸಂಜೆಯೇ ತಿಳಿದಿತ್ತು. ಗಾಳಿಯ ದಿಕ್ಕು ಕೇಳಿದ್ದು, ನೀವು ಏನಾದರೊಂದು ಕಾರಣ ಕೊಡಲಿ ಎಂದು. ಕೊಟ್ಟಿರಿ. ನಾನು ತೆಗೆದುಕೊಂಡೆ. ಆಮೇಲೆ ಮೂರು ತಿಂಗಳು ಗೆರೆ ಎಳೆಯುತ್ತ ಕೂತೆ.

ನಿಮ್ಮ ಕಾಗದ ಮೇಜಿನ ಖಾನೆಯಲ್ಲಿರುವಾಗಲೇ, ಐದನೆಯ ತಾರೀಖು ವರದಿಗೆ ಸಹಿ ಹಾಕಿ ಕಳುಹಿಸಿದೆ. ಇದನ್ನೂ ನೀವು ತಿಳಿದಿರಬೇಕು.

ಹದಿನಾಲ್ಕರಂದು ಹಿಂದಕ್ಕೆ ಪಡೆದೆ. ಧೈರ್ಯದಿಂದಲ್ಲ. ಉಳಿದ ಹನ್ನೊಂದು ಸಸಿಗಳಲ್ಲಿ ಒಂದನ್ನು ಕಿತ್ತು ಬೇರು ನೋಡಿದೆ. ತುದಿಯಲ್ಲಿ ಬಿಳಿಯ ಬೂಷ್ಟು ಹತ್ತಿಕೊಂಡಿತ್ತು. ಸತ್ತ ಮಣ್ಣಿನಲ್ಲೂ ಎಲ್ಲಿಂದಲೋ ಒಂದಿಷ್ಟು ಉಳಿದು ಹಿಡಿದುಕೊಂಡಿದೆ. ಅದನ್ನು ನೋಡಿದ ಮೇಲೆ ಸುಮ್ಮನಿರುವುದು ಆಗಲಿಲ್ಲ. ಮುಖ್ಯಸ್ಥರು ಕೂಗಾಡಲಿಲ್ಲ. “ಡಿಸೆಂಬರ್‌ವರೆಗೆ ಗುತ್ತಿಗೆ ಇದೆ, ಅಲ್ಲೀವರೆಗೆ ಬಂದು ಹೋಗಿ” ಎಂದು ಬಹುವಚನದಲ್ಲಿ ಹೇಳಿದರು.

ಸಮಿತಿ ಒಂದು ವರ್ಷ ಮುಂದೂಡಲು ಒಪ್ಪಿದೆ. ಎರಡು ಷರತ್ತು. ಎಲ್ಲ ಮಣ್ಣೂ ಒಂದೇ ದಿನದ್ದೆಂದು ನಿಮ್ಮ ಕೈಬರಹದ ಹೇಳಿಕೆ ಬೇಕು. ಅದನ್ನು ನಿಮ್ಮ ಊರಿನ ಅರಣ್ಯ ಕಚೇರಿಯಲ್ಲಿ ಎಲ್ಲರೆದುರು ಓದುತ್ತಾರೆ. ಎರಡನೆಯದು, ಅಕ್ಟೋಬರಿನಿಂದ ಹನ್ನೆರಡು ತಿಂಗಳು, ಪ್ರತಿ ತಿಂಗಳೂ ಆಯಾ ದಿನ ಅಗೆದ ಮಣ್ಣು. ಒಂದು ತಿಂಗಳು ತಪ್ಪಿದರೂ ಏಣನ್ನು ಬಿಡುತ್ತಾರೆ.

ಮತ್ತೊಬ್ಬರನ್ನು ಕೇಳಿ ನೋಡಿ. ಸಿಗದಿದ್ದರೆ ನೀವೇ. ಇನ್‌ಹ್ವಾ ಸಂಚುನ್ ಅವರಿಗೆ ಕೊಟ್ಟ ಮಾತು ಮುರಿಯಿರಿ ಎನ್ನುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಹೇವನ್

*

೨೦೧೫ ಸೆಪ್ಟೆಂಬರ್ ೨೯
ಜೆಜು

ಹೇವನ್,

ಹೇಳಿಕೆ ಇದರ ಜೊತೆಗಿದೆ. ಸುಗ್ಗಿ ಹಬ್ಬಕ್ಕೆ ಎರಡು ದಿನ ಮೊದಲು ಕಚೇರಿಯಲ್ಲಿ ಓದಿದರು. ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದೆ. ಹೊರಗೆ ಬಂದ ಮೇಲೆ ನಮ್ಮ ಊರಿನ ಹಿರಿಯರು ಬೆನ್ನು ತಟ್ಟಿದರು. ಬೇರೆ ಕಾಲದಲ್ಲಿ ಅಗೆಯದೆ ಇದ್ದದ್ದೇ ಸರಿಯಂತೆ. “ಮೇನ್‌ಲ್ಯಾಂಡಿನೋರಿಗೆ ಏನ್ ಗೊತ್ತು, ಅವ್ರ ಮನೇಲಿ ಯಾರಾದ್ರೂ ಬಿದ್ದಿದ್ರೆ ಗೊತ್ತಾಗೋದು” ಅಂದ ಬು ಎಂಬ ಮುದುಕ. ಹಾಗಾದರೆ ನನ್ನ ಬದಲು ತಿಂಗಳಿಗೊಮ್ಮೆ ಅಗೆದುಕೊಡಲು ಯಾರಾದರೂ ಬರುತ್ತೀರಾ ಎಂದು ಕೇಳಿದೆ. ಎಲ್ಲರಿಗೂ ಒಮ್ಮೆಗೇ ಕಿತ್ತಳೆ ತೋಟದ ಕೆಲಸ ನೆನಪಾಯಿತು. ಬಯ್ದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಇನ್‌ಹ್ವಾಳನ್ನು ಕೇಳಿದೆ. ಹಬ್ಬದ ಮಾರನೆಯ ದಿನ, ಎಡೆಗೆ ಇಟ್ಟಿದ್ದ ಸೇಬು ಹೆಚ್ಚಿಕೊಡುತ್ತ, ಎಲ್ಲವನ್ನೂ ಹೇಳಿದೆ. ಜಾಡಿ, ಸಸಿ, ನೀವು ಕೆಲಸ ಕಳೆದುಕೊಂಡದ್ದು. ಕೇಳಿಸಿಕೊಂಡಳು. ಸೇಬು ತಿಂದು ಮುಗಿಸಿದಳು.

“ನಾನು ಹೋದ್ಮೇಲೆ ಅಗಿ,” ಅಂದಳು. “ಅಲ್ಲೀ ತನಕ ಬೇಡ.”

ಮರಗಳು ಅಷ್ಟು ದಿನ ಕಾಯುವುದಿಲ್ಲ ಅಂದೆ.

“ಹಾಗಾದ್ರೆ ನಾನು ಬೇಗ ಹೋಗ್ಬೇಕು ಅಂತೀಯಾ?”

ತಟ್ಟೆ ತೊಳೆದಿಟ್ಟೆ. ಅವಳು ಹಟಮಾರಿ ಎಂದು ನೀವು ತಿಳಿಯಬಾರದು. ಆ ಹಾಸಿಗೆಯಲ್ಲಿ ಮಲಗಿ ದಿನವಿಡೀ ಕಾಣುವುದು ಒಂದು ಕಿಟಕಿ, ಕಿಟಕಿಯಲ್ಲಿ ಆ ಬೆಟ್ಟ. ಬೆಟ್ಟಕ್ಕೆ ಗುದ್ದಲಿ ಬಿದ್ದರೆ ಉಳಿದ ಎಡಗೈಯೂ ಹೋಗುತ್ತದೆಂದು ಅವಳಿಗೆ ಭಯ.

ಆ ಭಯ ನನಗಿಲ್ಲವೆಂದು ಬರೆಯಲಾರೆ.

ಜ್ವಾ

*

೨೦೧೫ ಅಕ್ಟೋಬರ್ ೧೨
ಜೆಜು

ಹೇವನ್,

ಐದು ಚೀಲ. ಇಂದು ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯೊಳಗೆ ಅಗೆದದ್ದು.

ಪಕ್ಕದ ಮನೆಯಾಕೆಯನ್ನು ಇನ್‌ಹ್ವಾಳ ಹತ್ತಿರ ಕೂರಿಸಿ, ಔಷಧ ತರಲು ಪೇಟೆಗೆ ಹೋಗುತ್ತೇನೆಂದು ಹೇಳಿ ಹೊರಟೆ. ನಿಮಗೆ ಹೇಳುತ್ತಿದ್ದ ಸುಳ್ಳು ನಿಂತಿತು, ಈಗ ಅದು ಮನೆಯೊಳಕ್ಕೆ ಬಂದಿದೆ. ಒಂದನೆಯ ಮರದ ಬುಡದಲ್ಲಿ ಗುದ್ದಲಿ ಎತ್ತಿ ತುಂಬ ಹೊತ್ತು ನಿಂತಿದ್ದೆ. ಕೊನೆಗೆ ಗುದ್ದಲಿ ಬದಿಗಿಟ್ಟು ಬೆರಳಿನಿಂದ ತೋಡಿದೆ. ಹಾಗೆ ಮಾಡಿದರೆ ಅಗೆದ ಹಾಗಲ್ಲ ಎಂದೇನೋ ಮನಸ್ಸಿಗೆ ಬಂತು. ಅದೂ ಸುಳ್ಳೇ. ಬೇರಿನ ತುದಿಗಳು ಬೆರಳಿಗೆ ಸಿಕ್ಕವು, ಜೀವ ಇರುವಂಥವು, ಒಳಗೆ ಬಿಳಿ. ಮಣ್ಣು ಹೇಗಿದೆ ಎಂದು ನಾನು ಹೇಳುವುದಿಲ್ಲ, ನೀವೇ ನೋಡಿ. ಬದುಕಿರುವ ಮರ ಇನ್ನೂರ ಏಳು.

ಇಳಿಯುವಾಗ ತೊರೆಯಲ್ಲಿ ಕೈ ತೊಳೆದೆ, ಬಟ್ಟೆ ಬದಲಿಸಿದೆ, ಪೇಟೆಗೆ ಹೋಗಿ ನಿಜವಾಗಿಯೂ ಔಷಧ ಕೊಂಡೆ. ಮನೆಗೆ ಬಂದಾಗ ಮಧ್ಯಾಹ್ನ. ಪಕ್ಕದಾಕೆ ಹೋದ ಮೇಲೆ ಗಂಜಿ ಬಟ್ಟಲು ಹಿಡಿದು ಅವಳ ಪಕ್ಕ ಕೂತೆ. ಚಮಚ ಬಾಯಿಯವರೆಗೆ ಹೋಗಿತ್ತು, ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಬಟ್ಟಲು ಕೆಳಗಿಡು ಎಂದು ಕಣ್ಣಿನಲ್ಲೇ ತೋರಿಸಿದಳು. ನನ್ನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಲ್ಲುಕಡ್ಡಿ ಎತ್ತಿಕೊಂಡು, ಆ ಎಡಗೈಯಿಂದ ನನ್ನ ಉಗುರಿನ ಸಂದಿಯ ಕಪ್ಪು ಮಣ್ಣನ್ನು ಒಂದೊಂದಾಗಿ ತೆಗೆಯತೊಡಗಿದಳು. ಎರಡು ಕಡೆ ಚುಚ್ಚಿತು. ಐದು ಬೆರಳಿಗೆ ಅರ್ಧ ಗಂಟೆ ಹಿಡಿಯಿತು. ಗಂಜಿ ಆರಿತು.

“ತೊಳ್ಕೊಂಡಾದ್ರೂ ಬರಬಾರ್ದಿತ್ತಾ,” ಅಂದಳು.

ಆಮೇಲೆ ನಿದ್ದೆ ಹೋದಳು. ನಾನು ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಚೆಯವನು ನಾಲ್ಕಕ್ಕೆ ಬರುತ್ತಾನೆ. ಅವಳ ಎಡಗೈ ಹೊದಿಕೆಯ ಮೇಲಿದೆ. ಆಗಾಗ ಬೆರಳು ಅಲುಗುತ್ತದೆಯೇ ಎಂದು ನೋಡುತ್ತೇನೆ, ಅಲುಗಿದ ಮೇಲೆ ಮುಂದಿನ ಸಾಲು ಬರೆಯುತ್ತೇನೆ. ಚರಂಡಿ ತೋಡಿದ ಸಲ ಅವಳು ಬಿದ್ದದ್ದು ಮೂರನೆಯ ದಿನ, ಅದು ಕಳೆಯುವವರೆಗೆ ಹೀಗೆಯೇ. ಆಮೇಲೆ ನವೆಂಬರಿನದು.

ಜ್ವಾ ಮನ್‌ಸಿಕ್